ಸೇವಂತಿಗೆ ಮುದ್ರೆಯಿಲ್ಲದ ಹಳೆಯ ಜಪಾನಿ ರೈಫಲ್: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಒಹಾಯೊ ಕನ್ನಡಿಗ
ನಮ್ಮ ಊರಿನಲ್ಲಿ ತೀರಿಹೋದ ಮಾಜಿ ಸೈನಿಕರೊಬ್ಬರ ಮನೆಸಾಮಾನಿನ ಮಾರಾಟದಲ್ಲಿ 260 ಡಾಲರ್ ಕೊಟ್ಟು ಒಂದು ಉದ್ದನೆಯ ಬೋಲ್ಟ್ ರೈಫಲ್ (ಹಿಡಿಕೆ ಎಳೆದು ತಳ್ಳಿ ತೋಟಾ ತುಂಬುವಂಥದ್ದು) ಕೊಂಡಿದ್ದೇನೆ. ಅವರು ಅದನ್ನು ಪೆಸಿಫಿಕ್ ಯುದ್ಧದಿಂದ ತಂದರೆಂದು ಮಗಳು ಹೇಳಿದರು. ಮರದ ಭಾಗ, ನಳಿಗೆ ಎಲ್ಲವೂ ಜಪಾನಿ ಸೇನೆಯ ಅರಿಸಾಕಾ ರೈಫಲಿನಂತೆಯೇ ಕಾಣುತ್ತವೆ. ಆದರೆ ರಿಸೀವರಿನ (ಬೋಲ್ಟ್ ಕೂರುವ ಉಕ್ಕಿನ ಭಾಗದ) ಮೇಲೆ ಜಪಾನಿ ಚಕ್ರವರ್ತಿಯ ಮುದ್ರೆಯಾದ ಸೇವಂತಿಗೆಯಾಗಲಿ ಜಪಾನಿ ಅಕ್ಷರವಾಗಲಿ ಇಲ್ಲ, ಉಜ್ಜಿ ಅಳಿಸಿದ ಗುರುತೂ ಇಲ್ಲ. ಕ್ರಮಸಂಖ್ಯೆಯ ಮೊದಲಿಗೆ ರೋಮನ್ ಅಕ್ಷರವಿದೆ. ಇದು ಯಾವುದು? ಗುಂಡು ಹಾರಿಸಬಹುದೇ?

ಮಲೆನಾಡಿಗ, ಟೆಕ್ಸಾಸ್
ನನ್ನ ಬಳಿ ಇರುವುದು ಅರಿಸಾಕಾದ 38ನೇ ಮಾದರಿ, ಅಂದರೆ ಮೇಜಿ ಆಳ್ವಿಕೆಯ 38ನೇ ವರ್ಷವಾದ 1905ರದ್ದು. ರಿಸೀವರಿನ ಮೇಲೆ ಹದಿನಾರು ದಳದ ಸೇವಂತಿಗೆ ಅಚ್ಚುಕಟ್ಟಾಗಿ ಉಳಿದಿದೆ, ಅದರಡಿಯಲ್ಲಿ ಮೂರು ಅಡ್ಡಗೆರೆಗಳು, ಅವುಗಳ ಕೆಳಗೆ ತುದಿ ಕೂಡದ ಎರಡು ಓರೆಗೆರೆಗಳು, ಅಂದರೆ ಮೂರು ಮತ್ತು ಎಂಟು. ಬೋಲ್ಟಿನ ಮೇಲಿನ ಧೂಳುಮುಚ್ಚಳವೂ ಇದೆ. ಇಷ್ಟೆಲ್ಲ ಇರುವುದನ್ನು ನೋಡಿಯೇ 410 ಡಾಲರ್ ತೆತ್ತೆ. ಮಾರಿದ ಮಹಾನುಭಾವ ಬಾಯಿಬಿಡದ ಸಂಗತಿಯೆಂದರೆ, ಯುದ್ಧದ ನಂತರ 6.5 ಮಿ.ಮೀ. ಜಪಾನಿ ತೋಟಾ ಅಮೆರಿಕದಲ್ಲಿ ಸಿಗದಿದ್ದಾಗ ಯಾರೋ ಅದರ ಚೇಂಬರನ್ನು (ನಳಿಗೆಯಲ್ಲಿ ತೋಟಾ ಕೂರುವ ಜಾಗವನ್ನು) ಕೊರೆದು 257 ರಾಬರ್ಟ್ಸ್ ಎಂಬ ಅಮೆರಿಕನ್ ತೋಟಾದ ಕವಚ ಹಿಡಿಯುವಂತೆ ದೊಡ್ಡದು ಮಾಡಿಸಿದ್ದರು. ಜಪಾನಿ ತೋಟಾ ಹಾಕಿ ಹಾರಿಸಿದಾಗ ಹೊರಬಿದ್ದ ಖಾಲಿ ಕವಚವು ತನ್ನ ಕತ್ತಿನ ಕೆಳಗಿನ ಇಳಿಜಾರಿನ ಬಳಿ ಊದಿಕೊಂಡು ಉದ್ದಕ್ಕೆ ಸೀಳಿತ್ತು. ಚೇಂಬರಿನ ಅಳತೆ ತಿಳಿಯಲು ಅದರ ಅಚ್ಚು ತೆಗೆಸಿದ್ದಕ್ಕೆ ಗನ್‌ಸ್ಮಿತ್‌ಗೆ (ಕೋವಿ ರಿಪೇರಿಯವರಿಗೆ) 65, ನಿರುಪಯೋಗಿಯಾದ ಇಪ್ಪತ್ತು ತೋಟಾಗಳ ಡಬ್ಬಿಗೆ 52, ಹೊಸ ಕವಚ ರೂಪಿಸುವ ಡೈಗಳಿಗೆ 78 ಡಾಲರ್ ಹೋಯಿತು. ಆದರೂ ರಿಸೀವರಿಗೆ ಒಂದು ಗೀರೂ ಬೀಳಲಿಲ್ಲ, ಯುದ್ಧಾನಂತರ ಅಮೆರಿಕದ ಗನ್‌ಸ್ಮಿತ್ ಪಿ. ಒ. ಆಕ್ಲಿಯವರು ಹಲವು ಸೇನಾ ರೈಫಲುಗಳನ್ನು ಬೇಕೆಂದೇ ಸಿಡಿಸಿ ಪರೀಕ್ಷಿಸಿದಾಗ ಎಲ್ಲಕ್ಕಿಂತ ಹೆಚ್ಚು ತಾಳಿದ್ದು ಅರಿಸಾಕಾವೇ. ಟೈರಿಗೆ ಕಟ್ಟಿ, ದೂರದಿಂದ ಹಗ್ಗ ಎಳೆದು ಒಂದು ಗುಂಡು ಹಾರಿಸಿ ನೋಡಿ, ಎಲ್ಲವೂ ತಿಳಿಯುತ್ತದೆ.

ಪಿ. ಹೆಗಡೆ, ನ್ಯೂಜೆರ್ಸಿ
ಹಗ್ಗ ಕಟ್ಟಿ ಹಾರಿಸಿ ಎಂದು ಸಲಹೆ ಕೊಡುವವರು ಜಪಾನಿನ ಶಾಲೆಗಳ ತರಬೇತಿ ಕೋವಿಯನ್ನು ಕೈಯಲ್ಲಿ ಹಿಡಿದವರಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ನನ್ನದು ಅದೇ. ಹೊರಗಿನಿಂದ 38ನೇ ಮಾದರಿಯೆಂದೇ ತೋರುತ್ತದೆ, ಸೇವಂತಿಗೆಯಿಲ್ಲ, ಒಳಗೆ ನಳಿಗೆ ನುಣುಪಾಗಿದ್ದು ಸುರುಳಿಗೆರೆಗಳೇ ಇಲ್ಲ, ರಿಸೀವರ್ ಎರಕದ್ದು. ಮಕ್ಕಳು ಕವಾಯತಿನಲ್ಲಿ ಬರೀ ಸದ್ದಿನ ತೋಟಾ ಹಾರಿಸಲೆಂದು ಮಾಡಿದ ಈ ಕೋವಿಗೆ ನಿಜವಾದ ತೋಟಾ ಹಾಕಿದರೆ ಅದು ಹಾರಿಸುವವನ ಮುಖದ ಮುಂದೆಯೇ ಒಡೆಯುತ್ತದೆ. ಆಕ್ಲಿಯವರ ಪರೀಕ್ಷೆ ಸೇನೆಯ ರೈಫಲಿಗೆ ಅನ್ವಯಿಸುತ್ತದೆಯೇ ಹೊರತು ಇದಕ್ಕಲ್ಲ. ನಾನು 280 ಡಾಲರ್ ಕೊಟ್ಟು, ಗೋಡೆಗೆ ಹಾಕುವ ಗಾಜಿನ ಪೆಟ್ಟಿಗೆಗೆ ಮತ್ತೆ 190 ಕೊಟ್ಟೆ. ಆ ಪೆಟ್ಟಿಗೆಯೂ ನಾಲ್ಕು ಅಂಗುಲ ಗಿಡ್ಡವಾಗಿ ಬಂದಿತು, ಹಿಂದಕ್ಕೆ ಕಳುಹಿಸಲು 38 ಡಾಲರ್ ದಂಡ. ಆದರೂ ಅದನ್ನು ಮಾರುವುದಿಲ್ಲ.

ಮಲೆನಾಡಿಗ, ಟೆಕ್ಸಾಸ್
ಹೆಗಡೆಯವರೇ, ಹಗ್ಗ ಕಟ್ಟುವುದೇ ಮುಖ ಉಳಿಸಿಕೊಳ್ಳಲು. ಆಟಿಕೆಗೆ 280 ಡಾಲರ್ ಕೊಟ್ಟ ಸಂಕಟವನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಪಿ. ಹೆಗಡೆ, ನ್ಯೂಜೆರ್ಸಿ
ಚೇಂಬರ್ ಅಳೆಯದೆ ತೋಟಾ ತುಂಬಿಸಿದವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ.

ಕೊಡಗಿನವ, ವರ್ಜೀನಿಯಾ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಮಾಡುವ ಮನೆಯಲ್ಲಿ ಹುಟ್ಟಿದವನು ನಾನು. ಹಳೆಯ ಕೋವಿಯ ಮರವನ್ನು ಉಪ್ಪುಕಾಗದದಿಂದ ತಿಕ್ಕಿ ವಾರ್ನಿಷ್ ಬಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ 99ನೇ ಮಾದರಿಯ ಅರಿಸಾಕಾಕ್ಕೆ ಹಿಂದಿನ ಮಾಲೀಕನು ಅದನ್ನೇ ಮಾಡಿದ್ದಾನೆ. ಅರಿಸಾಕಾದ ಹಿಂಬದಿಯ ಮರವನ್ನು ಜಪಾನಿಯರು ಎರಡು ತುಂಡುಗಳನ್ನು ಬೆಸೆದೇ ಮಾಡುತ್ತಿದ್ದರು. ಆ ಬೆಸುಗೆಯ ಗೆರೆಯನ್ನು ಬಿರುಕೆಂದು ಭಾವಿಸಿ ಆತ ಅಂಟು ಸುರಿದು ಒಂದು ಮೊಳೆಯನ್ನೂ ಹೊಡೆದಿದ್ದಾನೆ. ಮೊಳೆ ತೆಗೆಸಲು 120 ಡಾಲರ್ ಕೇಳುತ್ತಿದ್ದಾರೆ. ಸೇವಂತಿಗೆಯ ವಿಷಯ ಹೇಳುವುದಾದರೆ, ಯುದ್ಧಭೂಮಿಯಲ್ಲಿ ಕೈಗೆ ಸಿಕ್ಕ ರೈಫಲುಗಳಲ್ಲಿ ಅದು ಉಳಿದಿರುತ್ತದೆ, 1945ರ ಶರಣಾಗತಿಯಲ್ಲಿ ಒಪ್ಪಿಸಿದವುಗಳಲ್ಲಿ ಸಾಮಾನ್ಯವಾಗಿ ಅರೆದು ತೆಗೆದಿರುತ್ತಾರೆ. ಅರೆದ ಜಾಗದಲ್ಲಿ ಹೊಸದಾಗಿ ಹೂ ಕೆತ್ತಿಸಿ ಬೆಲೆ ಏರಿಸುವವರೂ ಇದ್ದಾರೆ, ಎಚ್ಚರ. ಅಂದಹಾಗೆ, ಪ್ರಶ್ನೆ ಕೇಳಿದವರು ಎಚ್1ಬಿ ವೀಸಾದಲ್ಲಿದ್ದರೆ ಬೇಟೆಯ ಪರವಾನಗಿಯಂಥ ವಿನಾಯಿತಿಯಿಲ್ಲದೆ ರೈಫಲ್ ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನ ಪ್ರಕಾರ ಅಪರಾಧ.

ಮಲೆನಾಡಿಗ, ಟೆಕ್ಸಾಸ್
ಅವರು ವೀಸಾ ಬಗ್ಗೆ ಕೇಳಿದರೇ? ರೈಫಲ್ ಗುರುತಿಸಿ ಎಂದರೆ ಪಾಸ್‌ಪೋರ್ಟ್ ತೋರಿಸು ಎನ್ನುತ್ತೀರಲ್ಲ.

ಚಕ್ರಧಾರಿ, ಕ್ಯಾಲಿಫೋರ್ನಿಯಾ
ನನ್ನ ಕಥೆ ಬೇರೆ. ಜಪಾನಿ ಎಂದು 350 ಡಾಲರಿಗೆ ಕೊಂಡ ರೈಫಲಿನ ರಿಸೀವರಿನ ಮೇಲೆ ಸೇವಂತಿಗೆಯ ಬದಲು ನಮ್ಮ ದೇವಸ್ಥಾನಗಳಲ್ಲಿ ಕಾಣುವಂಥ ಚಕ್ರವಿತ್ತು. ಅದು ಸಯಾಮಿನ (ಇಂದಿನ ಥಾಯ್ಲೆಂಡಿನ) 46ನೇ ಮಾದರಿಯ ಮೌಸರ್, ಅಂದರೆ ಜರ್ಮನ್ ವಿನ್ಯಾಸದ ರೈಫಲ್. ಬೌದ್ಧ ಶಕೆ 2446, ಅಂದರೆ 1903ರದ್ದು, ತಯಾರಾದದ್ದು ಮಾತ್ರ ಟೋಕಿಯೊದ ಕೊಯಿಶಿಕಾವಾ ಶಸ್ತ್ರಾಗಾರದಲ್ಲಿ. ಕ್ರಮಸಂಖ್ಯೆ ಥಾಯ್ ಅಂಕೆಗಳಲ್ಲಿದೆ, ಇದಕ್ಕೂ ಸರಿಯುವ ಧೂಳುಮುಚ್ಚಳವುಂಟು. 8 ಮಿ.ಮೀ. ಅಂಚುಳ್ಳ ತೋಟಾ ಅಂಗಡಿಯಲ್ಲಿ ಸಿಗುವುದೇ ಇಲ್ಲ. ಕವಚವನ್ನು ಬೇರೊಂದರಿಂದ ಕತ್ತರಿಸಿ ಮಾಡಿಸಿದರೆ ತಲಾ ನಾಲ್ಕು ಡಾಲರ್. ಜಪಾನಿನಲ್ಲಿ ಹುಟ್ಟಿದ್ದೆಲ್ಲ ಅರಿಸಾಕಾ ಆಗಬೇಕಿಲ್ಲ.

ಒಹಾಯೊ ಕನ್ನಡಿಗ
ಎಲ್ಲರಿಗೂ ವಂದನೆಗಳು. ನನಗೆ ಹಸಿರು ಕಾರ್ಡ್ ಇದೆ. ಚಕ್ರವಿಲ್ಲ, ನಳಿಗೆಯಲ್ಲಿ ಸುರುಳಿಗೆರೆಗಳು ಸ್ಪಷ್ಟವಾಗಿವೆ. ಬೋಲ್ಟಿನ ಹಿಂದೆ, ಚಿತ್ರಗಳಲ್ಲಿ ಕಾಣುವ ದುಂಡನೆಯ ದೊಡ್ಡ ಗುಬ್ಬಿ (ನಾಬ್) ಇಲ್ಲ. ಹಿಡಿಕೆಯನ್ನು ಮೇಲೆತ್ತುವಾಗಲೇ ಸ್ಪ್ರಿಂಗ್ ಬಿಗಿಯಾಗುತ್ತದೆ.

ಹಳೆಯ ಕಬ್ಬಿಣ, ಮಿಷಿಗನ್
ಇದನ್ನು ಮೊದಲೇ ಹೇಳಿದ್ದರೆ ಮೇಲಿನ ಜಗಳ ಉಳಿಯುತ್ತಿತ್ತು. 38ನೇ ಮತ್ತು 99ನೇ ಮಾದರಿಯ ಅರಿಸಾಕಾಗಳಲ್ಲಿ ಬೋಲ್ಟನ್ನು ಮುಂದಕ್ಕೆ ನೂಕುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಅಂಗೈಯಿಂದ ಒತ್ತಿ ತಿರುಗಿಸುವ ಗುಬ್ಬಿಯೇ ಸೇಫ್ಟಿ. ತಮ್ಮದರಲ್ಲಿ ಬೋಲ್ಟಿನ ಹಿಡಿಕೆ ರಿಸೀವರಿನ ಹಿಂಬದಿಯ ಸೇತುವೆಯ (ಬೋಲ್ಟಿನ ಮೇಲೆ ಕಮಾನಿನಂತೆ ಹಾದ ಭಾಗದ) ಸೀಳಿನೊಳಗಿಂದ ಹಾದು ಬರುತ್ತದೆಯೇ ನೋಡಿ. ಬಂದರೆ ಅದು ಇಟಲಿಯ ಕಾರ್ಕಾನೊ ಬೋಲ್ಟ್, ರೈಫಲ್ ‘ಐ’ ಮಾದರಿ. ಚೀನಾದ ಯುದ್ಧದಿಂದಾಗಿ ಜಪಾನಿನ ಕಾರ್ಖಾನೆಗಳ ಉತ್ಪಾದನೆಯೆಲ್ಲ ಭೂಸೇನೆಗೆ ಬೇಕಾಗಿದ್ದಾಗ, 1930ರ ದಶಕದ ಕೊನೆಯಲ್ಲಿ ನೌಕಾಪಡೆಗೆಂದು ಇಟಲಿಯಲ್ಲಿ ಮಾಡಿಸಿಕೊಂಡದ್ದು ಇದು. ತೋಟಾ ಜಪಾನಿನ 6.5 ಮಿ.ಮೀ.; ಮ್ಯಾಗಜೀನ್ ಕಾರ್ಕಾನೊದಂತೆ ಕ್ಲಿಪ್ ನುಂಗುವುದಲ್ಲ, ಮೌಸರ್ ಬಗೆಯ ಐದು ತೋಟಾಗಳ ಪೆಟ್ಟಿಗೆ. ಇದಕ್ಕೆ ಸೇವಂತಿಗೆಯನ್ನು ಒತ್ತಿಯೇ ಇರಲಿಲ್ಲ, ಆದ್ದರಿಂದ ಅರೆದ ಗುರುತು ಹುಡುಕಿ ಪ್ರಯೋಜನವಿಲ್ಲ. ನನ್ನದಕ್ಕೆ ಹತ್ತು ವರ್ಷಗಳ ಹಿಂದೆಯೇ 475 ಕೊಟ್ಟಿದ್ದೇನೆ, 260 ಕೇಳಿ ಹೊಟ್ಟೆ ಉರಿಯಿತು. ಹಾರಿಸುವ ಮೊದಲು ಗನ್‌ಸ್ಮಿತ್‌ನಿಂದ ಚೇಂಬರಿನ ಅಚ್ಚು ತೆಗೆಸಿ.

ಮಲೆನಾಡಿಗ, ಟೆಕ್ಸಾಸ್
ಆಕ್ಲಿಯವರ ಮಾತು ಕಾರ್ಕಾನೊಗೆ ಸಲ್ಲುವುದಿಲ್ಲ, ಒಪ್ಪಿದೆ. ಆದರೆ ಅಚ್ಚಿಗೆ 65 ಡಾಲರಿಗಿಂತ ಹೆಚ್ಚು ಕೊಡಬೇಡಿ.

ಪಿ. ಹೆಗಡೆ, ನ್ಯೂಜೆರ್ಸಿ
ನಮ್ಮ ಕಡೆ 40ಕ್ಕೇ ಮಾಡಿಕೊಡುತ್ತಾರೆ.