ಹಳೆಯ ಮಿಯಾಟಾ ತಗೊಂಡಿದ್ದೀರಾ? ಮೊದಲು ರಬ್ಬರ್ ನೋಡಿ

ನ್ಯೂಜೆರ್ಸಿಯಲ್ಲಿರುವ ಒಬ್ಬರು 1990ರ ಮಾಜ್ದಾ ಮಿಯಾಟಾ ಕೊಂಡಿದ್ದಾರೆ, ಅಂದರೆ ಛಾವಣಿ ಮಡಚಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1.6 ಲೀಟರ್ ಇಂಜಿನ್. ಅವರ ದೂರು ಮೂರು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಇಂಜಿನ್ ಹಿಂಭಾಗದಿಂದ ಆಯಿಲ್ ಸೋರಿಕೆ, ಒಮ್ಮೊಮ್ಮೆ ಗೇರ್ ಬೀಳುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದಾರೆ.

ನಾನೂ ಇದೇ ಕಾರನ್ನು ವರ್ಷಗಳಿಂದ ಓಡಿಸುತ್ತಿದ್ದೇನೆ. ಈ ಇಂಜಿನ್ ಬಹಳ ಗಟ್ಟಿ. ಮೊದಲು ಕೈಕೊಡುವುದು ಅದರ ಸುತ್ತಲಿನ ರಬ್ಬರ್. ಆದ್ದರಿಂದ ಹೊಸ ಸೈಲೆನ್ಸರ್, ಹೊಸ ವೀಲ್ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ.

ಟಿಕ್ ಸದ್ದಿಗೆ ಹೆದರಬೇಡಿ. ವಾಲ್ವ್ ಮೇಲಿರುವ ಹೈಡ್ರಾಲಿಕ್ ಅಡ್ಜಸ್ಟರ್‌ಗಳಿಗೆ (ಆಯಿಲ್ ಒತ್ತಡದಿಂದ ವಾಲ್ವಿನ ಸಂದು ತುಂಬುವ ಭಾಗಗಳು) ಆಯಿಲ್ ತುಂಬುವವರೆಗೆ ಹಾಗೆ ಸದ್ದು ಬರುತ್ತದೆ. ಬಿಸಿಯಾದ ಮೇಲೆ ನಿಂತರೆ ಆಯಿಲ್, ಫಿಲ್ಟರ್ ಬದಲಿಸಿ ನೋಡಿ, ಸಾಕು.

ಆಯಿಲ್ ಸೋರಿಕೆ ವಿಷಯದಲ್ಲಿ ಮಾತ್ರ ಅವಸರ ಬೇಡ. ನನ್ನ ಗೆಳೆಯನ ಕಾರಿಗೂ ಇದೇ ಆಗಿತ್ತು. ಗ್ಯಾರೇಜಿನವರು ಕೆಳಗಿನಿಂದ ನೋಡಿ, ಹಿಂದಿನ ಕ್ರ್ಯಾಂಕ್ ಸೀಲ್ (ಇಂಜಿನ್‌ನ ಮುಖ್ಯ ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು. ದೊಡ್ಡ ಖರ್ಚು. ನಾವು ಬಾನೆಟ್ ತೆಗೆದು ಟಾರ್ಚ್ ಹಿಡಿದು ನೋಡಿದೆವು. ಇಂಜಿನ್ ಹೆಡ್‌ನ ಹಿಂಭಾಗದಲ್ಲಿ, ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಪಕ್ಕ, ಕ್ಯಾಮ್ ಆಂಗಲ್ ಸೆನ್ಸರ್ ಇರುತ್ತದೆ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸುವುದು ಅದು. ಅದು ಹೆಡ್‌ಗೆ ಸೇರುವ ಕಡೆ ಆಯಿಲ್ ತಡೆಯಲು ಒಂದು ಓ-ರಿಂಗ್, ಅಂದರೆ ದುಂಡನೆಯ ರಬ್ಬರ್ ಬಳೆ. ಆ ರಿಂಗ್ ಬಳೆ ಚೂರಿನ ಹಾಗೆ ಗಟ್ಟಿಯಾಗಿ, ಬಾಗಿಸಿದರೆ ಮುರಿಯುತ್ತಿತ್ತು. ಆಯಿಲ್ ಅಲ್ಲಿಂದ ಜಿನುಗಿ ಹೆಡ್ ಹಿಂದೆ ಇಳಿದು ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಅಂತಲೇ ಅನಿಸುತ್ತದೆ, ಅಲ್ವಾ? ಹೊಸ ರಿಂಗ್ ಹಾಕಿದ ಮೇಲೆ ಸೋರಿಕೆ ನಿಂತಿತು.

ನೀವೇ ಮಾಡುವುದಾದರೆ ಒಂದು ಎಚ್ಚರ. ಸೆನ್ಸರ್ ಬಿಚ್ಚುವ ಮೊದಲು ಅದಕ್ಕೂ ಹೆಡ್‌ಗೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಸೆನ್ಸರನ್ನು ತಿರುಗಿಸಿದರೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಬದಲಾಗುತ್ತದೆ. ಜೋಡಿಸಿದ ಮೇಲೆ ಡಯಾಗ್ನಾಸ್ಟಿಕ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಪಿನ್ ಸೇರಿಸಿ, ಟೈಮಿಂಗ್ ಲೈಟಿನಲ್ಲಿ 10 ಡಿಗ್ರಿ ಇದೆಯಾ ನೋಡಿಕೊಳ್ಳಿ. ವಾಲ್ವ್ ಕವರ್ ಗ್ಯಾಸ್ಕೆಟ್ಟಿನ ಹಿಂದಿನ ಮೂಲೆಗಳೂ ಸೋರುತ್ತವೆ. ಅವನ್ನೂ ನೋಡಿ.

ಗೇರ್ ಬೀಳದಿದ್ದರೆ ನನ್ನ ಅನುಮಾನ ಕ್ಲಚ್ ಸ್ಲೇವ್ ಸಿಲಿಂಡರ್ ಮೇಲೆ, ಅಂದರೆ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ. ಗೇರ್‌ಬಾಕ್ಸಿನ ಬಲಗಡೆ ಇರುತ್ತದೆ. ಅದರ ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿ. ಒಳಗೆ ಒದ್ದೆಯಿದ್ದರೆ ಅದರ ಕಥೆ ಮುಗಿಯಿತು. ಎರಡು ಬೋಲ್ಟ್, ಒಂದು ಪೈಪ್, ಕಷ್ಟವೇನಿಲ್ಲ. ಪೆಡಲ್ ಕಡೆಯಿಂದ ಆ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಿಸಿ. ಹೊಸ ಸ್ಲೇವ್ ಹಾಕಿದ ಮೇಲೆ ಹಳೆಯ ಮಾಸ್ಟರ್ ಸೋರಲು ಶುರುವಾದ ಉದಾಹರಣೆ ಬೇಕಾದಷ್ಟಿದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದರಿಂದ ತುಕ್ಕು ಬೇಗ ಹಿಡಿಯುತ್ತದೆ. ಸಾಫ್ಟ್ ಟಾಪಿನ (ಮಡಚುವ ಛಾವಣಿಯ) ನೀರು ಸೀಟಿನ ಹಿಂದೆ ಎರಡೂ ಬದಿಯ ತೂತುಗಳಿಂದ ಕೆಳಗಿಳಿಯಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹಿಂದಿನ ಚಕ್ರದ ಮುಂದಿನ ಸಿಲ್ (ಬಾಗಿಲ ಕೆಳಗಿನ ಲೋಹದ ಪಟ್ಟಿ) ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಒಂದು ಲೋಟ ನೀರು ಹೊಯ್ದು ನೋಡಿ, ತಕ್ಷಣ ಕೆಳಗೆ ಸುರಿಯಬೇಕು. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ, ಅದರ ಅನಿಲ ಕಾರಿನ ಹೊರಗೆ ಹೋಗಲು ಟ್ಯೂಬ್ ಇರಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಮಾಮೂಲಿ ಬ್ಯಾಟರಿ ಇಡಬೇಡಿ. ರೇಡಿಯೇಟರಿನ ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ, ಕಾಯಬೇಡಿ.

ಕ್ರ್ಯಾಂಕ್ ಮತ್ತು ಕ್ಯಾಮ್ ಜೊತೆಯಾಗಿ ತಿರುಗುವಂತೆ ಮಾಡುವ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಿಸಿ. ಈ 1.6 ಇಂಜಿನ್‌ನಲ್ಲಿ ಬೆಲ್ಟ್ ಹರಿದರೂ ವಾಲ್ವ್ ಪಿಸ್ಟನ್‌ಗೆ ಬಡಿಯುವುದಿಲ್ಲ, ಆದರೆ ಕಾರು ಇದ್ದಲ್ಲೇ ನಿಲ್ಲುತ್ತದೆ. ಅದಕ್ಕೆ ಕೈ ಹಾಕುವ ಮುಂಚೆ ಮುಂದಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಎಷ್ಟು ಸೀಳುಗಳಿವೆ ಎಣಿಸಿ. ನಾಲ್ಕಿದ್ದರೆ ಅದು ಮೊದಲ ವರ್ಷಗಳ ಗಿಡ್ಡ ಮೂತಿಯ ಕ್ರ್ಯಾಂಕ್. ಪುಲ್ಲಿಯ ಬೋಲ್ಟ್ ಸಡಿಲವಾದರೆ, ಪುಲ್ಲಿ ಜಾರದಂತೆ ಹಿಡಿಯುವ ಕೀ ಎಂಬ ಲೋಹದ ತುಂಡು ಕೂರುವ ಜಾಗವೇ ಸವೆದುಹೋಗುತ್ತದೆ. ಇಂಜಿನ್ ಓಡುತ್ತಿರುವಾಗ ದೂರ ನಿಂತು ನೋಡಿ, ಪುಲ್ಲಿ ಅಲುಗಾಡುತ್ತಿದೆಯಾ ಅಂತ. ಅಲುಗಾಡುತ್ತಿದ್ದರೆ ಕಾರು ಓಡಿಸುವುದನ್ನು ನಿಲ್ಲಿಸಿ, ಒಂದು ವಿಡಿಯೊ ಮಾಡಿ ಕಳಿಸಿ.