ಹಾಲುಹಲ್ಲಿಗೆ ಹಾಕಿಸಿದ ಜಿಐಸಿ ಸಿಮೆಂಟ್ ನಾಲ್ಕೇ ತಿಂಗಳಿಗೆ ಬಿತ್ತು, ಮತ್ತೆ ಅದನ್ನೇ ಹಾಕಿಸಬೇಕಾ?

ಪಾವಗಡದ_ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದೂವರೆ ವರ್ಷ. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿತ್ತು. ಬಲಗಡೆಯದರಲ್ಲಿ ಅಗಿಯುವ ಜಾಗದಲ್ಲೇ ಒಂದು ಗುಂಡಿ, ಎಡಗಡೆಯದು ಪಕ್ಕದ ಹಲ್ಲಿಗೆ ತಾಗುವ ಸಂದಿಯಲ್ಲಿ ಕೊರೆದಿತ್ತು. ಎರಡಕ್ಕೂ ಜಿಐಸಿ ಅಂತ ಬಿಳಿ ಸಿಮೆಂಟ್ ತುಂಬಿದರು. ಬಲಗಡೆಯದು ಗಟ್ಟಿಯಾಗಿದೆ. ಸಂದಿಯದು ಮೊದಲು ಚಕ್ಕೆ ಎದ್ದು, ಮೊನ್ನೆ ಊಟ ಮಾಡುವಾಗ ಪೂರ್ತಿ ಕೈಗೆ ಬಂತು. ಲೈಟ್ ಹಿಡಿದು ಗಟ್ಟಿ ಮಾಡುವ ಫಿಲ್ಲಿಂಗ್ ಹಾಕಿಸಬೇಕಿತ್ತು, ಇದು ಅಗ್ಗದ ಮಾಲು ಅಂತ ಮನೆಯಲ್ಲಿ ಮಾತು. ಇನ್ನೊಂದು ಭಯ, ಈ ಸಿಮೆಂಟಿನಿಂದ ಫ್ಲೋರೈಡ್ ಬಿಡುತ್ತದಂತೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ, ಮಾವನವರ ಹಲ್ಲೆಲ್ಲ ಕಂದು ಕಲೆ. ಮಗುವಿಗೆ ಇದೂ ಸೇರಿದರೆ ಏನಾಗುತ್ತದೆ? ಗೊತ್ತಿರುವವರು ಹೇಳಿ.

ಮಕ್ಕಳ_ಹಲ್ಲಿನ_ಡಾಕ್ಟರ್:
ಮೇಡಂ, ಒಂದೇ ಬಾಯಲ್ಲಿ ಒಂದು ಉಳಿದು ಇನ್ನೊಂದು ಬಿದ್ದಿದೆಯಲ್ಲ, ಉತ್ತರ ಅದರಲ್ಲೇ ಇದೆ. ಸುತ್ತಲೂ ಹಲ್ಲಿನ ಗೋಡೆ ಇರುವ ಗುಂಡಿಯಲ್ಲಿ ಜಿಐಸಿ ಚೆನ್ನಾಗಿ ನಿಲ್ಲುತ್ತದೆ. ಸಂದಿಯಲ್ಲಿ ಒಂದು ಕಡೆ ಗೋಡೆಯೇ ಇರುವುದಿಲ್ಲ, ಅಗಿಯುವ ಭಾರವೆಲ್ಲ ಸಿಮೆಂಟಿನ ಅಂಚಿನ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ಇದು ಬಾಗುವುದಿಲ್ಲ, ಮುರಿಯುತ್ತದೆ.

ಅಗ್ಗದ ಮಾಲು ಅನ್ನುವ ಮಾತು ನನಗೆ ನಿಜಕ್ಕೂ ಬೇಸರ ತರುತ್ತದೆ. ಲಂಡನ್ನಿನಲ್ಲಿ ಅಲನ್ ವಿಲ್ಸನ್, ಬ್ರಯಾನ್ ಕೆಂಟ್ ಎಂಬ ರಸಾಯನ ವಿಜ್ಞಾನಿಗಳು ಮಾಡಿದ್ದು ಇದು, 1970ರ ದಶಕದಿಂದ ಬಳಕೆಯಲ್ಲಿದೆ. ಪುಡಿ ಅಂದರೆ ಫ್ಲೋರೈಡ್ ಸೇರಿಸಿ ಕರಗಿಸಿ ಅರೆದ ಗಾಜು, ದ್ರವ ಅಂದರೆ ಪಾಲಿಅಕ್ರಿಲಿಕ್ ಆಮ್ಲ. ಆಮ್ಲ ಗಾಜಿನ ಕಣಗಳ ಮೈಯನ್ನು ಕೊರೆದು ಒಳಗಿನ ಕ್ಯಾಲ್ಸಿಯಂ, ಅಲ್ಯುಮಿನಿಯಂ ಹೊರಗೆ ತರುತ್ತದೆ, ಅವು ಆಮ್ಲದ ಉದ್ದುದ್ದ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿ ಗಟ್ಟಿ ಮಾಡುತ್ತವೆ. ಅದೇ ಆಮ್ಲ ಹಲ್ಲಿನ ಕ್ಯಾಲ್ಸಿಯಮ್ಮನ್ನೂ ಹಿಡಿದುಕೊಳ್ಳುತ್ತದೆ. ಹಾಗಾಗಿ ಸಿಮೆಂಟ್ ಸಿಕ್ಕಿಕೊಳ್ಳಲಿ ಅಂತ ಒಳ್ಳೆಯ ಹಲ್ಲನ್ನು ಕೊರೆಯಬೇಕಾಗಿಲ್ಲ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಕರೆಂಟೂ ಡ್ರಿಲ್ಲೂ ಇಲ್ಲದ ಕಡೆ ಕೈ ಉಪಕರಣದಿಂದ ಹುಳುಕು ಕೆರೆದು ತುಂಬುವ ಚಿಕಿತ್ಸೆ ಶುರುವಾಯಿತು, ಅದು ಬೆಳೆದದ್ದು ಈ ಸಿಮೆಂಟಿನಿಂದಲೇ. ಲೈಟ್ ಫಿಲ್ಲಿಂಗ್ ಇದಕ್ಕಿಂತ ಗಟ್ಟಿ, ನಿಜ. ಆದರೆ ಅದನ್ನು ಅಂಟಿಸುವಷ್ಟು ಹೊತ್ತೂ ಹಲ್ಲಿಗೆ ಎಂಜಲು ತಾಗಬಾರದು. ಐದು ವರ್ಷದ ಮಗು ಅಷ್ಟು ಹೊತ್ತು ಬಾಯಿ ತೆರೆದು ಸುಮ್ನೆ ಮಲಗುವುದು ಕಷ್ಟ ಅಲ್ವಾ?

ಆ ಹಲ್ಲು ಬೀಳುವುದು ಹತ್ತು ಹನ್ನೊಂದನೇ ವಯಸ್ಸಿಗೆ. ಇನ್ನೂ ಐದು ವರ್ಷ ಕೆಲಸ ಮಾಡಬೇಕು. ಹುಳುಕು ನರಕ್ಕೆ ಮುಟ್ಟಿಲ್ಲ ಅಂತ ಎಕ್ಸ್‌ರೇಯಲ್ಲಿ ಖಾತ್ರಿಯಾದರೆ ಸ್ಟೀಲ್ ಕ್ಯಾಪ್ ಹಾಕಿಸಿ ಅನ್ನುತ್ತೇನೆ. ಆ ಕ್ಯಾಪನ್ನು ಅಂಟಿಸುವುದಕ್ಕೂ ಸಾಮಾನ್ಯವಾಗಿ ಇದೇ ಜಾತಿಯ ಸಿಮೆಂಟ್ ಬಳಸುತ್ತೇವೆ.

ಫ್ಲೋರೈಡ್ ಭಯ ಬಿಡಿ. ಹಲ್ಲಿಗೆ ಕಲೆ ಬರುವುದು ದವಡೆಯೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ದಿನಾ ಜಾಸ್ತಿ ಫ್ಲೋರೈಡ್ ನುಂಗಿದಾಗ. ಸಿಮೆಂಟಿನಿಂದ ಮೊದಲ ಕೆಲವು ದಿನ ಸ್ವಲ್ಪ ಹೆಚ್ಚು ಬರುತ್ತದೆ, ಆಮೇಲೆ ತೀರಾ ಕಡಿಮೆ. ನೀವು ಚಿಂತೆ ಮಾಡಬೇಕಾದದ್ದು ಕುಡಿಯುವ ನೀರಿನದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಗುವಿಗೆ ಕೊಡಬೇಡಿ, ಅಡುಗೆಗೂ ಬೇಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್‌ಒ ನೀರು ಬಳಸಿ.

ಪುಡಿ_ದ್ರವ:
ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಆರು ವರ್ಷ ಅಸಿಸ್ಟೆಂಟ್ ಆಗಿದ್ದೆ, ಈ ಸಿಮೆಂಟ್ ಕಲಸುವುದೇ ನನ್ನ ಕೆಲಸವಾಗಿತ್ತು. ಅಕ್ಕ, ಅರ್ಧ ಆಯಸ್ಸು ಕಲಸುವುದರಲ್ಲೇ ಇದೆ. ದ್ರವ ಒಂದು ಹನಿ ಜಾಸ್ತಿಯಾದರೆ ಬೇಗ ಸವೆಯುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಕಲಸಿ ಮುಗಿಸಬೇಕು, ಮೇಲೆ ಹೊಳಪಿರುವಾಗಲೇ ಹಲ್ಲಿಗೆ ಹೋಗಬೇಕು. ಹೊಳಪು ಹೋಯಿತು ಅಂದರೆ ಹಲ್ಲನ್ನು ಹಿಡಿಯುವ ಆಮ್ಲ ಮುಗಿಯುತ್ತಾ ಬಂತು ಅಂತ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಎಸಿ ನಿಂತಾಗ ಕಲಸುತ್ತಿದ್ದಂತೆಯೇ ಬಿಗಿಯುತ್ತಿತ್ತು, ಹಾಗಾದದ್ದನ್ನು ಎಸೆದು ಹೊಸದು ಕಲಸುತ್ತಿದ್ದೆ. ತುಂಬಿದ ಮೇಲೆ ವಾರ್ನಿಷ್ ಅಥವಾ ವ್ಯಾಸಲೀನ್ ಸವರುತ್ತಾರೆ. ಹಸಿ ಸಿಮೆಂಟಿಗೆ ಎಂಜಲು ತಾಗಿದರೆ ಮೇಲ್ಮೈ ಕೊಚ್ಚಿಹೋಗುತ್ತದೆ, ತೀರಾ ಒಣಗಿದರೆ ಬಿರುಕು ಬಿಡುತ್ತದೆ, ಎರಡನ್ನೂ ತಡೆಯುವುದಕ್ಕೆ ಅದು. ಹಿಂದಿನ ಸಲ ಸವರಿದ್ದರಾ, ನೆನಪಿದೆಯಾ?

ನಿವೃತ್ತ_ಮೇಷ್ಟ್ರು:
ಅಮ್ಮಾ, ನನಗೆ ಅರವತ್ತೆಂಟು. ವರ್ಷಗಟ್ಟಲೆ ಅಡ್ಡಡ್ಡ ಒತ್ತಿ ಉಜ್ಜಿ, ವಸಡಿನ ಹತ್ತಿರ ಹಲ್ಲಿನ ಕುತ್ತಿಗೆ ಸವೆದು ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ನಾಲ್ಕು ಹಲ್ಲಿಗೆ ಇದೇ ಸಿಮೆಂಟ್ ಹಾಕಿಸಿ ಏಳು ವರ್ಷವಾಯಿತು, ಮೂರು ಇನ್ನೂ ಇವೆ. ಬಣ್ಣ ಹಲ್ಲಿಗಿಂತ ಸ್ವಲ್ಪ ಮಂಕು, ಅಷ್ಟೇ. ಆ ಜಾಗದಲ್ಲಿ ಅಗಿಯುವ ಭಾರ ಬೀಳುವುದಿಲ್ಲ ಅಂತ ನಮ್ಮ ಡಾಕ್ಟರು ಹೇಳಿದ್ದರು. ಮೇಲಿನವರು ಹೇಳಿದ್ದಕ್ಕೂ ಹೊಂದುತ್ತದೆ.

ಪಾವಗಡದ_ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸವರಿದ ನೆನಪಿಲ್ಲ, ಮಗಳು ಅಳುತ್ತಾ ನಡುವೆಯೇ ಎದ್ದು ಕೂತಿದ್ದಳು. ಕ್ಯಾಪ್ ಬಗ್ಗೆ ಸೋಮವಾರ ಕೇಳುತ್ತೇನೆ. ಬಲಗಡೆಯದನ್ನು ಹಾಗೇ ಬಿಡಬಹುದಾ ಡಾಕ್ಟ್ರೇ?

ಮಕ್ಕಳ_ಹಲ್ಲಿನ_ಡಾಕ್ಟರ್:
ಬಿಡಿ, ಗಟ್ಟಿಯಾಗಿರುವುದನ್ನು ಕೀಳುವುದು ಬೇಡ. ಆರು ತಿಂಗಳಿಗೊಮ್ಮೆ ಅಂಚು ತೋರಿಸಿ. ಕ್ಯಾಪ್ ಹಾಕಿದ ದಿನ ಮೊದಲ ಒಂದು ಗಂಟೆ ಏನೂ ಕೊಡಬೇಡಿ, ರಾತ್ರಿಗೆ ಮೆತ್ತಗಿನ ಅನ್ನ ಸಾರು ಸಾಕು. ಚಕ್ಕುಲಿ, ನಿಪ್ಪಟ್ಟು ಮಾರನೇ ದಿನದಿಂದ.