ಹಳೆ ಗೋವಾ: ಸಾಂತಾ ಮೋನಿಕಾ ಕಾನ್ವೆಂಟ್ ಒಳಗೆ ಎಷ್ಟು ನೋಡಲು ಬಿಡುತ್ತಾರೆ?

ಬಯಲುಸೀಮೆ (ಪ್ರಶ್ನೆ)
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಹಳೆ ಗೋವಾಕ್ಕೆ ಒಂದು ದಿನದ ಮಟ್ಟಿಗೆ ಬರುತ್ತಿದ್ದೇವೆ. ಬೊಮ್ ಜೀಸಸ್, ಸೆ ಕೆಥೆಡ್ರಲ್ ಚರ್ಚುಗಳು ಹೇಗೂ ಆಗುತ್ತವೆ. ನನಗೆ ಮುಖ್ಯವಾಗಿ ನೋಡಬೇಕಿರುವುದು ಪೋರ್ಚುಗೀಸರ ಕಾಲದ ಕಾನ್ವೆಂಟ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿ, ಸನ್ಯಾಸಿನಿಯರ ಮಠಗಳು, ಅದರಲ್ಲೂ ಸಾಂತಾ ಮೋನಿಕಾ. ಒಳಗೆ ಪ್ರವೇಶ ಇದೆಯೇ? ಯುದ್ಧದಲ್ಲಿ ಒಡೆದುಹೋದ ಅಗಸ್ಟೀನ್ ಗೋಪುರವೂ ಅಲ್ಲೇ ಪಕ್ಕದಲ್ಲಿದೆ ಎಂದು ಕೇಳಿದ್ದೇನೆ. ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು. ಯಾವ ಕ್ರಮದಲ್ಲಿ ನೋಡಿದರೆ ಅನುಕೂಲ?

ಮಾಂಡವಿ ದಂಡೆ
ಸಾಂತಾ ಮೋನಿಕಾದಲ್ಲಿ ನಿಮಗೆ ಸಲೀಸಾಗಿ ಸಿಗುವುದು ಕಾನ್ವೆಂಟಿನ ಚರ್ಚ್ ಭಾಗ. ಈಗ ಅಲ್ಲಿ ಕ್ರಿಶ್ಚಿಯನ್ ಆರ್ಟ್ ಮ್ಯೂಸಿಯಂ ಇದೆ. ಮೊದಲು ರಾಶೋಲ್ ಸೆಮಿನರಿಯಲ್ಲಿ (ಪಾದ್ರಿಗಳ ತರಬೇತಿ ಶಾಲೆ) ಇದ್ದದ್ದು, 2002ರಲ್ಲಿ ಇಲ್ಲಿಗೆ ಬಂತು. ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದು. ಉಳಿದ ಕಟ್ಟಡ ಸ್ಮಾರಕ ಮಾತ್ರ ಅಲ್ಲ, ಬಳಕೆಯಲ್ಲಿರುವ ಮನೆ. 1964ರಿಂದ ಅಲ್ಲಿ ಮಾತೆರ್ ದೇಯಿ ಸಂಸ್ಥೆ ನಡೆಯುತ್ತಿದೆ, ಸಿಸ್ಟರ್‌ಗಳು ಓದುವ, ವಾಸಿಸುವ ಜಾಗ. ಒಳಗಿನ ಅಂಗಳ, ಅದರ ಸುತ್ತಲಿನ ಪೌಳಿ ನೋಡಬೇಕೆಂದರೆ ಮುಂಚೆಯೇ ಸಂಸ್ಥೆಯ ಕಚೇರಿಗೆ ಪತ್ರವನ್ನೋ ಇಮೇಲನ್ನೋ ಕಳಿಸಿ ಕೇಳಿಕೊಳ್ಳಿ: ಎಷ್ಟು ಜನ, ಯಾವ ದಿನ, ಯಾವ ಉದ್ದೇಶ. ಅಂದೇ ಬಾಗಿಲು ತಟ್ಟಿದರೆ ಬಹುತೇಕ ಆಗುವುದಿಲ್ಲ. ಒಪ್ಪಿಗೆ ಸಿಕ್ಕರೂ ಕೋಣೆಗಳ ಕಡೆಗೆ ಕ್ಯಾಮೆರಾ ಎತ್ತಬೇಡಿ.

ಮ್ಯೂಸಿಯಂನಲ್ಲಿ ದಂತದ ವಿಗ್ರಹಗಳು, ಬೆಳ್ಳಿಯ ಪೂಜಾಸಾಮಗ್ರಿ, ಕಸೂತಿ ಹಾಕಿದ ಪಾದ್ರಿಗಳ ಉಡುಪು ಇವೆ. ಸಂತರ ಮುಖಗಳನ್ನು ಹತ್ತಿರದಿಂದ ನೋಡಿ. ಕೆತ್ತಿದವರು ಇಲ್ಲಿನ ಕುಶಲಕರ್ಮಿಗಳು ಎಂಬುದು ಕಣ್ಣು, ಕೂದಲು, ಬಟ್ಟೆಯ ನೆರಿಗೆಗಳಲ್ಲೇ ಗೊತ್ತಾಗುತ್ತದೆ. ಒಂದು ಗಂಟೆ ಇಟ್ಟುಕೊಳ್ಳಿ. ವಾರದ ರಜೆ ಮತ್ತು ಸಮಯವನ್ನು ಹೊರಡುವ ಮುಂಚೆ ಫೋನಿನಲ್ಲಿ ಖಚಿತಪಡಿಸಿಕೊಳ್ಳಿ.

ಮುರಕಲ್ಲು
ಒಳಗೆ ಬಿಡದಿದ್ದರೂ ಸಾಂತಾ ಮೋನಿಕಾವನ್ನು ಹೊರಗಿನಿಂದ ಅರ್ಧ ಗಂಟೆ ನೋಡುವುದಕ್ಕಿದೆ. 1606ರಲ್ಲಿ ಆರ್ಚ್‌ಬಿಷಪ್ ಅಲೇಶು ದ ಮೆನೆಜಿಸ್ ಕಾಲದಲ್ಲಿ ಕೆಲಸ ಶುರುವಾಗಿ 1627ರಲ್ಲಿ ಮುಗಿಯಿತು. 1636ರಲ್ಲಿ ಬೆಂಕಿ ಬಿದ್ದು ಮರುವರ್ಷ ಮತ್ತೆ ಕಟ್ಟಿಸಿದರು. ಮೂರು ಅಂತಸ್ತು, ನಡುವೆ ಚೌಕಾಕಾರದ ಅಂಗಳ. ರಸ್ತೆಯ ಕಡೆಯ ಗೋಡೆಗೆ ಒತ್ತುಕೊಟ್ಟು ನಿಲ್ಲಿಸಿದ ಭಾರಿ ಆನಿಕೆಗಳು ಕಾಣುತ್ತವೆ. ಅಷ್ಟೆತ್ತರದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಹೊರಕ್ಕೆ ಬಾಗದಂತೆ ಹಿಡಿದಿರುವುದು ಅವೇ.

ಮುರಕಲ್ಲು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮೈತುಂಬ ರಂಧ್ರ, ನೀರು ಕುಡಿಯುತ್ತದೆ, ಬರಿಮೈಯಲ್ಲಿ ಮಳೆಗೆ ಒಡ್ಡಿದರೆ ವರ್ಷವರ್ಷವೂ ಸವೆಯುತ್ತದೆ. ಅದಕ್ಕೇ ಸುಣ್ಣದ ಗಾರೆ ಮೆತ್ತಿ ಮುಚ್ಚುತ್ತಿದ್ದರು. ಗಾರೆ ಸವೆದರೆ ಮತ್ತೆ ಬಳಿಯಬಹುದು, ಕಲ್ಲು ಸವೆದರೆ ಹೋಯಿತು. ಸುಣ್ಣದ ಬದಲು ಸಿಮೆಂಟು ಬಳಿದರೆ ಒಳಸೇರಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಪದರವೇ ಹೆಕ್ಕಳಿಕೆ ಎದ್ದು ಬೀಳುತ್ತದೆ. ಬೊಮ್ ಜೀಸಸ್ ಕೆಂಪಗೆ ಕಾಣುವುದು 1950ರ ದಶಕದಲ್ಲಿ ಹೊರಗಾರೆ ಕಿತ್ತದ್ದರಿಂದ, ಮೊದಲಿಂದ ಹಾಗೇ ಇದ್ದದ್ದಲ್ಲ. ಆ ಬಣ್ಣವನ್ನೇ ಅಸಲಿ ಎಂದು ಎಲ್ಲರೂ ಮೆಚ್ಚುವುದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಸೆಪ್ಟೆಂಬರ್ ಎಂದಿರಿ, ಗೋಡೆಗಳು ಇನ್ನೂ ಒದ್ದೆಯಾಗಿರುವ ತಿಂಗಳು. ಹಸಿ ಎಲ್ಲಿಯವರೆಗೆ ಏರಿದೆ ಎಂದು ನೋಡಿ, ಈ ಕಟ್ಟಡಗಳ ಕಷ್ಟ ತಾನಾಗಿ ತಿಳಿಯುತ್ತದೆ.

ಗಂಟೆಗೋಪುರ
ಒಂದು ತಿದ್ದುಪಡಿ. ಅಗಸ್ಟೀನ್ ಗೋಪುರ ಯುದ್ಧದಲ್ಲಿ ಒಡೆದದ್ದಲ್ಲ. ಪೋರ್ಚುಗಲ್ ಸರ್ಕಾರವೇ ಸನ್ಯಾಸಿ ಸಂಘಗಳನ್ನು ರದ್ದು ಮಾಡಿತು. 1835ರಲ್ಲಿ ಗೋವಾದಲ್ಲಿ ಅದು ಜಾರಿಗೆ ಬಂದು ಅಗಸ್ಟೀನಿಯನ್ನರು ಮಠ ಬಿಡಬೇಕಾಯಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚರ್ಚಿನ ಕಮಾನು ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಈಗ ನಿಂತಿರುವ ಅರ್ಧವೇ ಸುಮಾರು 46 ಮೀಟರ್ ಎತ್ತರ ಇದೆ. ಅದರ ಗಂಟೆ ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚಿನಲ್ಲಿದೆ.

ಸಾಂತಾ ಮೋನಿಕಾದ ಕಥೆ ಬೇರೆ. ಇದ್ದ ಸನ್ಯಾಸಿನಿಯರನ್ನು ಹೊರಹಾಕಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಲು ಬಿಡಲಿಲ್ಲ, ಅಷ್ಟೆ. ಕೊನೆಯವರು ತೀರಿಕೊಂಡದ್ದು 1885ರಲ್ಲಿ. ಒಳಗೆ ಜನ ಇದ್ದರು, ಸೋರುವ ಮಾಡು ಸರಿಮಾಡಿಸುವ ಕೈ ಇತ್ತು. ಒಂದೇ ಗುಡ್ಡದ ಮೇಲೆ ಒಂದು ಮಠ ಇಡಿಯಾಗಿ, ಇನ್ನೊಂದು ಪಾಳಾಗಿ ಉಳಿದಿರುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ಎರಡನ್ನೂ ಒಟ್ಟಿಗೆ ನೋಡಲೇಬೇಕು.

ಪಾಳಿನೊಳಗೆ ಗೋಡೆಯ ಬುಡದಲ್ಲಿ ಪೋರ್ಚುಗೀಸ್ ಬಣ್ಣದ ಬಿಲ್ಲೆಗಳ ತುಂಡುಗಳು ಇನ್ನೂ ಅಂಟಿಕೊಂಡಿವೆ, ಮುಟ್ಟಬೇಡಿ. 1624ರಲ್ಲಿ ಪರ್ಷಿಯಾದಲ್ಲಿ ಕೊಲ್ಲಲ್ಪಟ್ಟ ಜಾರ್ಜಿಯಾದ ರಾಣಿ ಕೇತೆವಾನ್ ಅವರ ಅಸ್ಥಿ ಸಿಕ್ಕಿದ್ದೂ ಇಲ್ಲೇ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿ ಡಿಎನ್‌ಎ ಪರೀಕ್ಷೆ ಆಯಿತು, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ಬಯಲುಸೀಮೆ
ತುಂಬ ಉಪಕಾರ, ಗೋಪುರದ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಅಮ್ಮನಿಗೆ ಗುಡ್ಡ ಹತ್ತಲು ಆಗುತ್ತದೆಯೇ? ಬಸ್ಸಿಗೆ ಬಂದರೆ ಎಲ್ಲಿ ಇಳಿಯಬೇಕು?

ಮಾಂಡವಿ ದಂಡೆ
ಅನಮೋಡ ಘಾಟ್, ಪೋಂಡಾ ಮೇಲೆ ಬರುವ ಬಸ್ಸಾದರೆ ಹಳೆ ಗೋವಾದ ಗಾಂಧಿ ಸರ್ಕಲ್‌ನಲ್ಲಿ ನಿಲ್ಲಿಸುತ್ತೀರಾ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿ. ನಿಲ್ಲಿಸಿದರೆ ಪಣಜಿಗೆ ಹೋಗಿ ಸುಮಾರು 10 ಕಿ.ಮೀ. ವಾಪಸ್ ಬರುವುದು ತಪ್ಪುತ್ತದೆ. ರೈಲಾದರೆ ಹತ್ತಿರದ ನಿಲ್ದಾಣ ಕರಮಳಿ.

ಅಮ್ಮನನ್ನು ನಡೆಸಬೇಡಿ. ಸಾಂತಾ ಮೋನಿಕಾದ ಬಾಗಿಲವರೆಗೂ ವಾಹನ ಹೋಗುತ್ತದೆ. ಬೆಳಿಗ್ಗೆ ಮೊದಲು ಗುಡ್ಡದ ಮೇಲಿನದು ಮುಗಿಸಿ, ಯಾಕೆಂದರೆ ಅಗಸ್ಟೀನ್ ಪಾಳಿನಲ್ಲಿ ನೆರಳಿಲ್ಲ. ಮಳೆ ಬಂದಿದ್ದರೆ ಅಲ್ಲಿನ ನೆಲಗಲ್ಲಿನ ಮೇಲೆ ಪಾಚಿ ಇರುತ್ತದೆ, ಅಮ್ಮ ಅಂಚಿನಿಂದಲೇ ನೋಡಲಿ. ಇಳಿದು ಬಂದ ಮೇಲೆ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಕಾನ್ವೆಂಟ್. ಆ ಕಾನ್ವೆಂಟಿನ ಭಾಗದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇರುವುದರಿಂದ ಮಠದ ಕಟ್ಟಡದೊಳಗೆ ಓಡಾಡುವ ಆಸೆ ಇಲ್ಲಿ ತೀರುತ್ತದೆ. ವೈಸ್‌ರಾಯ್‌ಗಳ ಚಿತ್ರಗಳ ಜೊತೆಗೆ ವೀರಗಲ್ಲುಗಳೂ ಇವೆ, ಅವನ್ನು ಬಿಡಬೇಡಿ. ಮ್ಯೂಸಿಯಂಗೆ ಶುಕ್ರವಾರ ರಜೆ. ಪಕ್ಕದ ಚರ್ಚಿನ ಕಪ್ಪುಕಲ್ಲಿನ ಬಾಗಿಲುವಾಡ 1521ರ ಹಳೆಯ ಕಟ್ಟಡದ್ದು, ಉಳಿದದ್ದು 1661ರಲ್ಲಿ ಮತ್ತೆ ಕಟ್ಟಿದ್ದು.

ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಬಲಿಪೂಜೆ (ಮಾಸ್ ಪ್ರಾರ್ಥನೆ) ಇರುತ್ತದೆ, ಬೇರೆ ದಿನ ಬನ್ನಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಫ್ಲ್ಯಾಶ್ ಬೇಡ. ಟ್ರೈಪಾಡ್ ತರುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು.